ಕಸದ ಚೀಲಕ್ಕೂ ಹೆಸರು ಬರೆಯಬೇಕಂತೆ!

ಇವತ್ತೂ ನನ್ನ ಕಸದ ಚೀಲ ಅಲ್ಲೇ ಕೂತಿದೆ, ಮೈಮೇಲೆ ಕೆಂಪು ಚೀಟಿ ಅಂಟಿಸಿಕೊಂಡು. ಊರವರ ಚೀಲಗಳೆಲ್ಲ ಲಾರಿ ಹತ್ತಿ ಹೋಗಿವೆ. ನನ್ನ ಚೀಲದ ಅಪರಾಧ? ಒಳಗೊಂದು ಪ್ಲಾಸ್ಟಿಕ್ ಬಾಟಲಿ ಮುಚ್ಚಳ!

1987ರಿಂದ ಜಪಾನ್ ಸರ್ಕಾರ ಜೆಟ್ (JET) ಅನ್ನೋ ಯೋಜನೆಯಲ್ಲಿ ನನ್ನಂಥ ವಿದೇಶಿಯರನ್ನು ಹಳ್ಳಿ ಶಾಲೆಗಳಿಗೂ ಕಳಿಸುತ್ತಿದೆ, ಇಂಗ್ಲಿಷ್ ಕಲಿಸಲು. ಇಲ್ಲಿ ದಿನಾ ಕಲಿಯುತ್ತಿರುವವಳು ಮಾತ್ರ ನಾನೇ. ಬಾಟಲಿ ತೊಳಿ, ಲೇಬಲ್ ಕೀಳು, ಮುಚ್ಚಳ ಬೇರೆ ಇಡು. ಹಾಲಿನ ಡಬ್ಬಿ ತೊಳೆದು, ಕತ್ತರಿಸಿ ಬಿಡಿಸಿ, ಒಣಗಿಸಿ, ಕಟ್ಟು ಕಟ್ಟು. ನನ್ನ ಬಟ್ಟೆಗೂ ಇಷ್ಟು ಉಪಚಾರ ಇಲ್ಲ ಕಣ್ರೀ! ಸುಡುವ ಕಸಕ್ಕೊಂದು ದಿನ, ಸುಡದ್ದಕ್ಕೊಂದು ದಿನ. ಊರು ಹೇಳಿದ ಚೀಲವೇ ಆಗಬೇಕು, ಅದರ ಮೇಲೆ ಹೆಸರು ಬೇರೆ. ಇಡೀ ಊರಿಗೆ ಇರುವ ವಿದೇಶಿ ನಾನೊಬ್ಬಳೇ. ಸಾರಿನ ಪುಡಿ ಪ್ಯಾಕೆಟ್ ಕಂಡರೆ ಯಾರದ್ದು ಅಂತ ಗೊತ್ತಾಗಲ್ವಾ?

ಬಾಯಿಬಿಟ್ಟು ಯಾರೂ ಬೈಯುವುದಿಲ್ಲ, ಅದೇ ಜಾಸ್ತಿ ಉರಿ. ಪಕ್ಕದ ಮನೆ ಅಜ್ಜಿ ಚೀಲ ನೋಡುತ್ತಾರೆ, ನನ್ನನ್ನು ನೋಡುತ್ತಾರೆ, ನಕ್ಕು ಬಗ್ಗಿ ನಮಸ್ಕರಿಸುತ್ತಾರೆ. ಶಾಲೆಗೆ ಹೋದರೆ ಹಿಂದಿನ ಸಾಲಿನ ಹುಡುಗ, "ಸೆನ್ಸೇ (ಅಂದರೆ ಟೀಚರ್), ಅಷ್ಟೊಂದು ಚಿಪ್ಸ್ ಒಬ್ಬರೇ ತಿಂದ್ರಾ?" ಅನ್ನುತ್ತಾನೆ. ಕ್ಲಾಸಲ್ಲಿ 'ಹಲೋ' ಅನ್ನಲು ನಾಚಿ ಸಾಯುವವನಿಗೆ ನನ್ನ ಕಸದ ಲೆಕ್ಕ ಮಾತ್ರ ಬಾಯಿಪಾಠ!