ಕರೀ ಪರದೆ, ಕೈ ಮಾಡೋ ಜನ

ಗದಗಿನ ಬೆಟಗೇರಿಯಲ್ಲಿ ನಾದಿನಿಯ ಕುಬಸ, ಅಂದರೆ ಸೀಮಂತ. ಷಡ್ಡಕ ಹೊಸ ಪ್ಲಾಟಿನಲ್ಲಿ ಮನೆ ಕಟ್ಟಿಸಿದ್ದ, ಲೊಕೇಶನ್ ಕಳಿಸಿದ್ದ. ಹಿಂದಿನ ದಿನ ಸಂಜೆಯೇ ಕಾರಿನಲ್ಲಿ ಕೂತು ಅದನ್ನು ದಾರಿ ತೋರಿಸುವ ಪರದೆಗೆ ತುಂಬಿಟ್ಟೆ. ಪಕ್ಕದಲ್ಲಿ ಮಗಳು "ಅಪ್ಪಾ, ನಾ ಒತ್ತತೀನಿ" ಅಂತ ಗಂಟುಬಿದ್ದಿದ್ದಳು. ಒತ್ತಲಿ ಬಿಡು, ಹದಿನೆಂಟು ಸಾವಿರ ಕೊಟ್ಟು ಹಾಕಿಸಿದ್ದು ಒತ್ತಲಿಕ್ಕೇ ಅಲ್ಲವೇ.

ಮರುದಿನ ಬೆಳಗ್ಗೆ ಆರು ಗಂಟೆ, ಚಳಿಗಾಲದ ಕತ್ತಲು. ಹಿಂದಿನ ಸೀಟಿನಲ್ಲಿ ಹೆಂಡತಿ, ಮಗಳು, ಉಡಿ ತುಂಬುವ ಸಾಮಾನು. ಮುಂದೆ ನನ್ನ ಪಕ್ಕ ಕಾಕಾ. ಕುಬಸಕ್ಕೆ ಗಂಡಸರದೇನು ಕೆಲಸ ಎಂದು ಕೇಳಬೇಡಿ, ಹೋಳಿಗೆ ಇತ್ತು. ಕಾಕಾ ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿ ರಿಟೈರ್ ಆದವರು. ಹುಬ್ಬಳ್ಳಿ-ಗದಗ ರಸ್ತೆಯ ಒಂದೊಂದು ತಗ್ಗಿಗೂ ಅವರ ಹತ್ತಿರ ಒಂದೊಂದು ಕಥೆ ಇದೆ.

ಪರದೆ ಬೆಳಗಿತು, ಬಾಣ ಬಂತು. ಲೈಟ್ ಹಚ್ಚಿ ಗೇಟು ದಾಟಿದ್ದೇ ತಡ, ಪರದೆ ಕಪ್ಪಾಯಿತು. ಆದರೆ ದನಿ ಹೋಗಿರಲಿಲ್ಲ. "ಇನ್ನೂರು ಮೀಟರ್ ನಂತರ ಬಲಕ್ಕೆ ತಿರುಗಿ" ಎಂದು ಒಳಗಿಂದ ಹೆಣ್ಣುಮಗಳೊಬ್ಬಳು ಹೇಳುತ್ತಲೇ ಇದ್ದಳು.

"ಈಕೀಗೆ ಗೊತ್ತೈತಲ್ಲ, ಮತ್ಯಾಕ ಚಿಂತಿ?" ಎಂದರು ಕಾಕಾ.

ಫೋನಿನಲ್ಲಿ ನೋಡಬಹುದಿತ್ತಲ್ಲ ಎನ್ನುವಿರಿ. ಹೆಂಡತಿಯೂ ಅದನ್ನೇ ಅಂದಳು. ಹದಿನೆಂಟು ಸಾವಿರದ ಎದುರು ಕೂತು ಫೋನಿನಲ್ಲಿ ದಾರಿ ಹುಡುಕಲು ನನಗೆ ಮನಸ್ಸು ಬರಲಿಲ್ಲ. ಇಪ್ಪತ್ತು ಸಾವಿರ ಕಿಲೋಮೀಟರ್ ಮೇಲೆ ಸುತ್ತುವ ಉಪಗ್ರಹಗಳ ಸಂಕೇತ ಹಿಡಿದು ನನ್ನ ಕಾರು ಎಲ್ಲಿದೆ ಅಂತ ಆ ಪರದೆಗೆ ಪಕ್ಕಾ ಗೊತ್ತು, ಎರಡು ಅಡಿ ದೂರ ಕೂತ ನನಗೆ ಮಾತ್ರ ಇಲ್ಲ. ಹೊಟ್ಟೆ ಉರಿಯದೆ ಇರುತ್ತದೆಯೇ?

ಬೆಳಕು ಹರಿಯಿತು. ಎದುರು ಬಂದ ಲಾರಿ ಡ್ರೈವರ್ ಒಬ್ಬ ಕಿಟಕಿಯಿಂದ ಕೈ ಚಾಚಿ ಐದೂ ಬೆರಳು ಕೂಡಿಸಿ ಬಿಚ್ಚಿ, ಕೂಡಿಸಿ ಬಿಚ್ಚಿ ತೋರಿಸಿದ. ನಾನೂ ಕೈ ಎತ್ತಿದೆ. ಸ್ವಲ್ಪ ಹೊತ್ತಿಗೆ ಬೈಕಿನವನೊಬ್ಬ, ಆಮೇಲೆ ಹಾಲಿನ ಗಾಡಿಯವ. ಎಲ್ಲರಿಗೂ ಕೈ ಎತ್ತಿದೆ.

"ಯಾರ್ರೀ ಅವ್ರೆಲ್ಲಾ?"

"ಗುರುತಿನವ್ರ ಇರಬೇಕು. ನಮ್ಮ ಕಡೆ ಜನಾನ ಹಂಗ, ಮಾತಾಡಿಸದ ಹೋಗಂಗಿಲ್ಲ."

ಕಾಕಾ ಕೆಮ್ಮಿದರು. "ತಮ್ಮಾ, ಲೈಟ್..."

"ಕಾಕಾ, ಅದು ಲೈಟ್ ಅಲ್ಲ, ಡಿಸ್‌ಪ್ಲೇ. ನಿಮ್ಮ ಬಸ್ಸಿನ್ಯಾಗ ಇರ್ಲಿಲ್ಲ, ಬಿಡ್ರಿ."

ಕಾಕಾ ಅಡಕಿ ಹೋಳು ಬಾಯಿಗೆ ಒಗೆದುಕೊಂಡು ಕಿಟಕಿ ಕಡೆ ಮುಖ ತಿರುಗಿಸಿದರು.

ಅಣ್ಣಿಗೇರಿಯಲ್ಲಿ ಚಹಾಕ್ಕೆ ನಿಲ್ಲಿಸಿದೆ. ಕೀ ತೆಗೆದು ಬಾಗಿಲು ತೆರೆದರೆ ಕಾರು ಕುಂಯ್ ಎಂದು ಅಳತೊಡಗಿತು. ಪರದೆಯ ಕಾಯಿಲೆ ಮೈಗೆಲ್ಲ ಏರಿತು ಅಂದುಕೊಂಡೆ. ಆದಿಕವಿ ಪಂಪನ ಊರಿನಲ್ಲಿ ನಿಂತು ನಾನು ಮೊಣಕಾಲೂರಿ, ಸ್ಟೇರಿಂಗಿನ ಕೆಳಗೆ ತಲೆ ತೂರಿಸಿ, ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ಬಿಸಿಲಿಗೆ ಹಿಡಿದು ನೋಡಿದೆ. ಕೆಂಪು 10 ಆಂಪಿಯರ್, ನೀಲಿ 15, ಹಳದಿ 20. ಯಾವುದರ ತಂತಿಯೂ ಕರಗಿರಲಿಲ್ಲ.

"ಪೆಪ್ಪರಮಿಂಟ್ ಇದ್ದಂಗ ಅದಾವಲ್ಲೋ" ಎಂದರು ಕಾಕಾ. ಮಗಳು ಒಂದು ಬೇಕು ಎಂದು ಹಟ ಹಿಡಿದಳು. ಗಡಿಬಿಡಿಯಲ್ಲಿ ಎಲ್ಲ ವಾಪಸ್ ತುರುಕಿದೆ. ಹೆಂಡತಿಯ ಸೀರೆಯ ಪಿನ್ನು ಇಸಕೊಂಡು ಪರದೆಯ ಮಗ್ಗುಲಿನ ಸಣ್ಣ ತೂತಿಗೆ ಚುಚ್ಚಿ ರಿಸೆಟ್ ಮಾಡಿದೆ. ಟಿಂಗ್ ಎಂದು ರಾಗ ಬಂತು, ಚಿತ್ರ ಬರಲಿಲ್ಲ. ಪಿನ್ನು ಮಾತ್ರ ಡೊಂಕಾಯಿತು. ಅದರ ಬಗ್ಗೆ ಕೇಳಿದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ.

ಅಣ್ಣಿಗೇರಿ ದಾಟಿದ ಮೇಲೆ ಕುರಿ ಹಿಂಡು ಅಡ್ಡ ಬಂತು. ಹಾರ್ನ್ ಒತ್ತಿದೆ. ಸದ್ದಿಲ್ಲ. ಮತ್ತೆ ಒತ್ತಿದೆ. ಇಲ್ಲ. ಕಾಕಾ ಸಿಟ್ಟು ಮರೆತು ಕಿಟಕಿಯಿಂದ ತಲೆ ಹೊರಗೆ ಹಾಕಿ "ಹೋಯ್‌ಯ್!" ಎಂದರು. ಕುರಿಗಳು ಸರಿದವು, ಕುರಿ ಕಾಯುವವನೂ ಸರಿದ. ಅಲ್ಲಿಂದ ಗದಗಿನವರೆಗೆ ಕಾಕಾನೇ ಹಾರ್ನು.

ಮುಳಗುಂದ ನಾಕಾ ಹತ್ತಿರ ಕಾರ್ ಎಲೆಕ್ಟ್ರಿಷಿಯನ್ ಒಬ್ಬನ ಅಂಗಡಿ ಆಗಷ್ಟೇ ತೆರೆದಿತ್ತು. ಇಪ್ಪತ್ತೈದರ ಹುಡುಗ, ಕೈಯಲ್ಲಿ ಇನ್ನೂ ಊದುಬತ್ತಿ. ನಾನು ಫ್ಯೂಸು, ರಿಸೆಟ್ಟು, ಸುಟ್ಟಿರಬಹುದಾದ ಬೋರ್ಡು ಎಂದು ದೊಡ್ಡ ಡಾಕ್ಟರ ಹಾಗೆ ವಿವರಿಸಿದೆ.

"ಮಾತು ಬರ್ತೈತೇನ್ರಿ?"

"ಬರ್ತೈತಿ."

"ಮಾತು ಬರ್ತೈತಿ ಅಂದ್ರ ಕರೆಂಟ್ ಬರಾಕತ್ತೈತಿ. ಫ್ಯೂಸ್ ಯಾಕ ಕೀಳಾಕ ಹೋದ್ರಿ?"

ಮೊಬೈಲಿನ ಬ್ಯಾಟರಿ ಹಚ್ಚಿ ಪರದೆಗೆ ಓರೆಯಾಗಿ ಹಿಡಿದ. "ಬಗ್ಗಿ ನೋಡ್ರಿ." ಬಗ್ಗಿದೆ. ಕಪ್ಪು ಗಾಜಿನ ತಳದಲ್ಲಿ, ಬಾವಿಯ ನೀರಲ್ಲಿ ನೆರಳು ಕಂಡ ಹಾಗೆ, ತೆಳ್ಳಗೆ ನಕ್ಷೆ. ಮುಳಗುಂದ ನಾಕಾ. ಪಕ್ಕದಲ್ಲಿ ನನ್ನ ಬಾಣ, ಪಾಪ, ಬೆಳಗಿನಿಂದ ಕತ್ತಲಲ್ಲೇ ನಡೆದು ಬಂದು ನಿಂತಿತ್ತು.

"ಚಿತ್ರ ಐತ್ರಿ. ಹಿಂದಿನ ಬೆಳಕು ಇಲ್ಲ." ಹುಡುಗ ಕಾರಿನ ಮುಂದೆ ಹೋಗಿ ನೋಡಿ ವಾಪಸ್ ಬಂದ. ಸ್ಟೇರಿಂಗ್ ಪಕ್ಕದ ಕಡ್ಡಿಯನ್ನು ಎರಡು ಬೆರಳಲ್ಲಿ ತಿರುವಿದ. ಪರದೆ ಝಗ್ಗೆಂದು ಬೆಳಗಿತು.

"ಸರ್, ಒಂಬತ್ತು ಗಂಟಿ ಬಿಸಲಾಗ ಹೆಡ್‌ಲೈಟ್ ಯಾಕ ಹಚ್ಚೀರಿ?"

ಪರದೆಯಿಂದ ಹೆಡ್‌ಲೈಟಿನ ಲೈನಿಗೆ ಒಂದು ವೈರ್ ಹೋಗಿರುತ್ತದಂತೆ. ಲೈಟ್ ಹಚ್ಚಿದರೆ ಪರದೆ ರಾತ್ರಿಯಾಯಿತೆಂದು ತಿಳಿದು, ಕಣ್ಣಿಗೆ ಚುಚ್ಚದಂತೆ ಬೆಳಕು ಇಳಿಸುತ್ತದೆ. ಎಷ್ಟು ಇಳಿಸಬೇಕೆಂಬುದು ನಾವು ಇಟ್ಟದ್ದು. ನಮ್ಮದರಲ್ಲಿ ಯಾರೋ ಸೊನ್ನೆಗೆ ಇಟ್ಟಿದ್ದರು.

"ಅಪ್ಪಾ, ಅದರಾಗ ಒಂದು ಚಂದಪ್ಪ ಇದ್ದ" ಎಂದಳು ಮಗಳು. "ನಾ ಅವನ್ನ ಕೆಳಗ ಎಳದು ಮಲಗಿಸಿದ್ದೆ."

ಲಾರಿಯವ, ಬೈಕಿನವ, ಹಾಲಿನವ ಒಬ್ಬೊಬ್ಬರಾಗಿ ಬೆರಳು ಕೂಡಿಸಿ ಬಿಚ್ಚುತ್ತ ಕಣ್ಣ ಮುಂದೆ ಹಾದುಹೋದರು. ಹೆಂಡತಿ ನನ್ನ ಗುರುತಿನವರ ಬಗ್ಗೆ ಏನೂ ಕೇಳಲಿಲ್ಲ, ಸೆರಗು ಬಾಯಿಗೆ ಅಡ್ಡ ಹಿಡಿದಿದ್ದಳು. ಕಾಕಾ ಬಹಳ ಸಾವಕಾಶವಾಗಿ ಇನ್ನೊಂದು ಅಡಕಿ ಹೋಳು ಬಾಯಿಗೆ ಹಾಕಿಕೊಂಡರು.

"ಎಷ್ಟಾತಪಾ?"

"ಲೈಟ್ ಆರಿಸಿದ್ದಕ್ಕ ಏನ್ ತಗೊಳ್ಳಿರಿ, ಬಿಡ್ರಿ."

"ಬೋಣಿಗಿ ಹೊತ್ತು, ಹಂಗ ಅನಬಾರದು" ಎಂದು ಅಂಗಿಯ ಕಿಸೆಗೆ ಕೈ ಹಾಕಿ ಐವತ್ತರ ನೋಟು ಎಳೆದೆ. ನೋಟಿನ ಜೊತೆ ನೀಲಿಯದೊಂದು ಟಣ್ಣೆಂದು ನೆಲಕ್ಕೆ ಬಿತ್ತು.

ಹುಡುಗ ಅದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದ. "ಸರ್, ಹಾರ್ನ್ ಬಾರಿಸ್ರಿ ನೋಡೂಣು."

ನಾನು ಕಾಕಾನ ಮುಖ ನೋಡಿದೆ.