ಹೌದು, ಉಪ್ಪುನೀರೇ. ಏನೀಗ?

ನಾನು ಐವಿಎಫ್ (ಪ್ರನಾಳ ಶಿಶು) ಲ್ಯಾಬಿನಲ್ಲಿ ಭ್ರೂಣ ಬೆಳೆಸುವವಳು. ಭಾನುವಾರ ಹಾಸನದಲ್ಲಿ ಒಂದು ಮದುವೆ. ಪಾಯಸ ಬಡಿಸುವ ಹೊತ್ತಿಗೆ ದೊಡ್ಡಪ್ಪನ ಕಡೆಯ ನೆಂಟರೊಬ್ಬರು ಪಂಕ್ತಿಗೆಲ್ಲ ಕೇಳುವ ಹಾಗೆ ಶುರು ಮಾಡಿದರು. "ಅಲ್ಲ ಕಣಮ್ಮ, ಭ್ರೂಣನ ಉಪ್ಪುನೀರಲ್ಲಿ ಇಟ್ಟು ಲಕ್ಷಗಟ್ಟಲೆ ಕಿತ್ಕೋತೀರಂತಲ್ಲ?" ಎಲ್ಲರೂ ನಕ್ಕರು. ಹಿರಿಯರು ಅಂತ ನಾನೂ ಹಲ್ಲು ಕಿರಿದೆ. ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಭ್ರೂಣ ಬೆಳೆಸುವ ದ್ರಾವಣ ಉಪ್ಪುನೀರೇ ಸ್ವಾಮಿ. ಸೋಡಿಯಂ ಕ್ಲೋರೈಡ್, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಬೈಕಾರ್ಬನೇಟ್. ಜೊತೆಗೆ ಲ್ಯಾಕ್ಟೇಟ್, ಪೈರುವೇಟ್, ಚೂರು ಗ್ಲೂಕೋಸ್. ಯಾರೂ ಮುಚ್ಚಿಟ್ಟಿಲ್ಲ. ಎಷ್ಟು ಉಪ್ಪು ಹಾಕಬೇಕು ಅಂತ ತಿಳಿಯೋಕೆ ಎಷ್ಟು ವರ್ಷ ಹಿಡಿಯಿತು ಅಂತ ಯಾರಾದರೂ ಕೇಳ್ತಾರಾ?

1956ರಲ್ಲಿ ವಿಟ್ಟನ್ ಎಂಬ ವಿಜ್ಞಾನಿ ಎಂಟು ಕೋಶದ ಇಲಿ ಭ್ರೂಣವನ್ನು ದೇಹದ ಹೊರಗೆ ಬ್ಲಾಸ್ಟೋಸಿಸ್ಟ್ ಹಂತದವರೆಗೆ, ಅಂದರೆ ಗರ್ಭಕೋಶಕ್ಕೆ ಅಂಟಿಕೊಳ್ಳಲು ಸಿದ್ಧವಾಗುವವರೆಗೆ, ಬೆಳೆಸಿದರು. 1958ರಲ್ಲಿ ಆನ್ ಮೆಕ್‌ಲಾರೆನ್ ಮತ್ತು ಜಾನ್ ಬಿಗ್ಗರ್ಸ್ ಹಾಗೆ ಬೆಳೆಸಿದ ಭ್ರೂಣಗಳಿಂದ ಮರಿಗಳನ್ನೇ ಪಡೆದರು. ಆದರೆ ಒಂದು ಕೋಶದಿಂದ ಶುರು ಮಾಡಿದರೆ ಬಹಳಷ್ಟು ತಳಿಗಳ ಭ್ರೂಣ ಎರಡು ಕೋಶಕ್ಕೆ ಬಂದು ಅಲ್ಲೇ ನಿಂತುಬಿಡುತ್ತಿತ್ತು. ಮುಂದಕ್ಕೆ ಹೋಗಲ್ಲ, ಸಾಯೋದೂ ಇಲ್ಲ. ಬೆಂಗಳೂರಿನ ಲ್ಯಾಬಿನಲ್ಲಿ ಇಲಿಗಳ ಜೊತೆ ಏಗುತ್ತಿದ್ದಾಗ ನಾನು ಫೋನಿನಲ್ಲಿ ಗೊಣಗುತ್ತಿದ್ದದ್ದು ಇದನ್ನೇ. ಕೇಳಿಸಿಕೊಂಡ ಪುಣ್ಯಾತ್ಮರಿಗೆ ನೆನಪಿರಬಹುದು.

ಉಪ್ಪಿನ ಕೈವಾಡವೂ ಅದರಲ್ಲಿತ್ತು. 1992ರಲ್ಲಿ ಲಾವಿಟ್ಸ್ ಮತ್ತು ಅದೇ ಬಿಗ್ಗರ್ಸ್ ತೋರಿಸಿದರು: ಸೋಡಿಯಂ ಕ್ಲೋರೈಡ್ ಜಾಸ್ತಿಯಾದರೆ ಬೆಳವಣಿಗೆ ಕುಗ್ಗುತ್ತದೆ, ಗ್ಲುಟಮೀನ್ ಎಂಬ ಅಮೈನೋ ಆಮ್ಲ ಸೇರಿಸಿದರೆ ಪೆಟ್ಟು ಕಮ್ಮಿಯಾಗುತ್ತದೆ. ಇಂಥ ಕೆಲಸದಿಂದಲೇ ಬಂದ, ಭ್ರೂಣ ಬೆಳೆಸುವ ಕೆಎಸ್‌ಒಎಂ ದ್ರಾವಣದಲ್ಲಿ ಉಪ್ಪು ಲೀಟರಿಗೆ ಸುಮಾರು 5.5 ಗ್ರಾಂ. ಆಸ್ಪತ್ರೆಯಲ್ಲಿ ಏರಿಸುವ ಸಲೈನ್ ಬಾಟಲಿಯಲ್ಲಿ ಲೀಟರಿಗೆ 9 ಗ್ರಾಂ. ಎರಡೂ "ಉಪ್ಪುನೀರು" ಅಲ್ವಾ?

"ತಾಯಿ ಹೊಟ್ಟೆಯಲ್ಲಿ ಯಾರಮ್ಮ ಉಪ್ಪು ಅಳೀತಾರೆ?" ಅಂತ ಪಕ್ಕದವರು ಒಗ್ಗರಣೆ ಹಾಕಿದರು. ಒಳ್ಳೆ ಪ್ರಶ್ನೆ, ಅವರಿಗೆ ಗೊತ್ತಿಲ್ಲದೇ ಕೇಳಿದ್ದು. ಭ್ರೂಣ ಮೊದಲ ದಿನಗಳನ್ನು ಕಳೆಯುವುದು ಅಂಡನಾಳದಲ್ಲಿ. ಇಲಿಯಲ್ಲಿ ಅಲ್ಲಿನ ದ್ರವದ ಗಾಢತೆ, ಅಂದರೆ ಅದರಲ್ಲಿ ಕರಗಿರುವುದೆಲ್ಲದರ ಒಟ್ಟು ಲೆಕ್ಕ, ಸುಮಾರು 300 ಮಿಲಿಆಸ್ಮೋಲ್. ಕೆಎಸ್‌ಒಎಂ 250ರ ಆಸುಪಾಸು. ಅಂದರೆ ತಾಯಿಯೊಳಗೇ ಜಾಸ್ತಿ! ಅಲ್ಲಿ ಬದುಕುವ ಭ್ರೂಣ ಬರೀ ಉಪ್ಪಿನಿಂದ 300 ಮುಟ್ಟಿಸಿದ ದ್ರಾವಣದಲ್ಲಿ ಒದ್ದಾಡುತ್ತದೆ. ಹೊರಗೆ ಉಪ್ಪು ಹೆಚ್ಚಾದರೆ ಕೋಶ ಉಪ್ಪಿಗೆ ಹಾಕಿದ ಮಾವಿನಕಾಯಿ ಹೋಳಿನ ಹಾಗೆ ನೀರು ಬಿಟ್ಟು ಕುಗ್ಗುತ್ತದೆ. ಮತ್ತೆ ಉಬ್ಬಬೇಕಾದರೆ ಸೋಡಿಯಂ, ಕ್ಲೋರೈಡನ್ನೇ ಒಳಗೆ ಎಳೆದುಕೊಳ್ಳಬೇಕು. ಅವು ಒಳಗೆ ಜಾಸ್ತಿಯಾದರೆ ಕೋಶದ ಕೆಲಸ ಕೆಡುತ್ತದೆ. ಅಂಡನಾಳದಲ್ಲಿ ಗ್ಲೈಸೀನ್ ಥರದ ಅಮೈನೋ ಆಮ್ಲಗಳಿವೆ. ಅಲ್ಲಿ ಭ್ರೂಣ ಅದನ್ನು ತುಂಬಿಸಿಕೊಂಡು, ಉಪ್ಪಿನ ಹಂಗಿಲ್ಲದೆ ಗಾತ್ರ ಉಳಿಸಿಕೊಳ್ಳುತ್ತದೆ. ಕೋಟು ಹಾಕಿದವರು ಅಳೆಯದಿದ್ದರೂ ತಾಯಿ ದೇಹ ಅಳೆದೇ ಕೊಡುತ್ತದೆ.

ಮನುಷ್ಯರ ಭ್ರೂಣ ಇಲಿಯದರಷ್ಟು ಹಠಮಾರಿ ಅಲ್ಲ, ಒಪ್ಪಿದೆ. ಹಾಗಂತ ಯಾವ ನೀರಾದರೂ ನಡೆಯುತ್ತಾ? ದ್ರಾವಣ ಬಾಟಲಿಯಲ್ಲಿ ಸರಿಯಾಗೇ ಬರುತ್ತದೆ. ಕೆಡುವುದು ನಮ್ಮ ಕೈಯಲ್ಲಿ. ನಾವು ತಟ್ಟೆಗೆ ಇಡುವ ಹನಿ 20 ಮೈಕ್ರೋಲೀಟರ್ ಇದ್ದರೆ ಹೆಚ್ಚು. ಮೇಲೆ ಎಣ್ಣೆ ಸುರಿಯುವುದು ತಡವಾಯಿತೋ, ನೀರು ಆರಿ ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಬಿಸಿ ಮೇಜು, ಹುಡ್‌ನ ಗಾಳಿ, ಜೊತೆಗೆ ನಮ್ಮ ಮಾರ್ಚ್ ತಿಂಗಳ ಒಣಹವೆ. ಭ್ರೂಣ ಬರುವ ಮೊದಲೇ ಹನಿಯಲ್ಲಿ ಉಪ್ಪು ಜಾಸ್ತಿ. ಹನಿ ಇಡುವಾಗ ನನ್ನನ್ನು ಮಾತಾಡಿಸಬೇಡಿ ಅನ್ನೋದು ಇದಕ್ಕೇ, ದುರಹಂಕಾರಕ್ಕಲ್ಲ. ಸ್ವಲ್ಪ ದುರಹಂಕಾರವೂ ಇದೆ, ಇರಲಿ.

ಬಿಲ್ ಜಾಸ್ತಿ ಅಂತೀರಾ? ಜಾಸ್ತಿನೇ. ಸಾಲ ಮಾಡಿಕೊಂಡು ಬರುವವರನ್ನು ನೋಡಿದರೆ ನನಗೂ ಹೊಟ್ಟೆ ಉರಿಯುತ್ತದೆ. ಆ ಜಗಳಕ್ಕೆ ಕರೆಯಿರಿ, ಬರುತ್ತೇನೆ. ಸುಮ್ನೆ ನೀರಿನ ಮೇಲೆ ಹಾಕಬೇಡಿ.

ಹೊರಗಿನವರನ್ನು ಬಿಡಿ. ದ್ರಾವಣದ ಈ ಗಾಢತೆ ಅಳೆಯುವ ಆಸ್ಮೋಮೀಟರ್ ಯಾಕೆ ಬೇಕು, ಬಾಟಲಿ ಮೇಲೆ ಬರೆದಿರುತ್ತಲ್ಲ ಅಂತ ನಮ್ಮ ಖರೀದಿ ವಿಭಾಗದವರೇ ಮತ್ತೆ ಕೇಳಿದ್ದಾರೆ. ಈ ಸಲ ಅರ್ಜಿ ಬರೆಯಲ್ಲ, ಇದನ್ನೇ ಪ್ರಿಂಟ್ ಹಾಕಿ ಕೊಡ್ತೀನಿ.