ನನಗಿಂತ ಮೊದಲೇ ಬಂದು ಕೂತವರು

ಹೊಸ ಲ್ಯಾಪ್‌ಟಾಪ್ ಆನ್ ಮಾಡಿ, ಹೆಸರು, ಪಾಸ್‌ವರ್ಡ್ ಎಲ್ಲ ಕೊಟ್ಟು ಉಸಿರು ಬಿಡುವಷ್ಟರಲ್ಲಿ ಪರದೆಯ ಮೂಲೆಯಲ್ಲಿ ಒಂದು ಚೌಕ ಎದ್ದು ನಿಲ್ಲುತ್ತದೆ. 'ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ!' ಅಲ್ಲಪ್ಪಾ, ಇದಿನ್ನೂ ಇಂಟರ್‌ನೆಟ್ಟಿನ ಮುಖವನ್ನೇ ಸರಿಯಾಗಿ ನೋಡಿಲ್ಲ, ಅಷ್ಟರಲ್ಲಿ ಅದ್ಯಾವ ಅಪಾಯ? ನೋಡಿದರೆ ಆಂಟಿವೈರಸ್. ಸ್ವಲ್ಪ ದಿನ ಫ್ರೀ, ಆಮೇಲೆ ದುಡ್ಡು ಕಟ್ಟುವವರೆಗೆ ದಿನಾ ಹೆದರಿಸುವ ಜಾತಿಯದು. 'ಈಗಲೇ ಖರೀದಿಸಿ' ದಪ್ಪ ಗುಂಡಿ, ಕಣ್ಣಿಗೆ ಹೊಡೆಯುವ ಬಣ್ಣ. 'ಆಮೇಲೆ ನೆನಪಿಸಿ' ಪಕ್ಕದಲ್ಲಿ ಸಣ್ಣಗೆ, ಬೂದು ಬಣ್ಣದಲ್ಲಿ, ಕನ್ನಡಕ ಹಾಕಿಕೊಂಡು ಹುಡುಕಬೇಕು.

ಮೆನು ತೆರೆದರೆ ಇನ್ನೂ ಬಳಗ ಇದೆ. ನಾನು ಕೇಳದ ಆಟಗಳು, ಫೋಟೋ ಜೋಡಿಸುವುದೊಂದು, ಕಂಪ್ಯೂಟರನ್ನು ಚುರುಕು ಮಾಡುತ್ತೇನೆ ಅಂತ ತಾನೇ ಮೆಮೊರಿ ತಿನ್ನುವುದೊಂದು.

ಇವೆಲ್ಲ ಸುಮ್ನೆ ಬಂದದ್ದಲ್ಲ. ಕಂಪ್ಯೂಟರ್ ಮಾರಾಟದಲ್ಲಿ ಲಾಭ ಕಡಿಮೆ, ಪೈಪೋಟಿ ಜಾಸ್ತಿ. ಹಾಗಾಗಿ ಸಾಫ್ಟ್‌ವೇರ್ ಕಂಪನಿಗಳು ಒಳಗೆ ಜಾಗ ಕೊಟ್ಟದ್ದಕ್ಕೆ ತಯಾರಕರಿಗೆ ದುಡ್ಡು ಕೊಡುತ್ತವೆ. ಮನೆ ಮಾರುವವನು ನನ್ನಿಂದ ಪೂರ್ತಿ ಹಣ ಎಣಿಸಿಕೊಂಡು, ಒಳಗಿನ ಎರಡು ಕೋಣೆಯನ್ನು ಮೊದಲೇ ಬಾಡಿಗೆಗೆ ಕೊಟ್ಟ ಹಾಗೆ. 2008ರಲ್ಲಿ ಸೋನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ತನ್ನ ಕೆಲವು 'ವೈಯೋ' ಲ್ಯಾಪ್‌ಟಾಪ್‌ಗಳಿಂದ ಈ ಸಾಮಾನನ್ನೆಲ್ಲ ತೆಗೆದು ಕೊಡಲು ಸುಮಾರು 50 ಡಾಲರ್ ಕೇಳಿತು! ಜನ ಉಗಿದ ಮೇಲೆ ಶುಲ್ಕ ಬಿಟ್ಟಿತು. ಹಾಕಲು ಒಬ್ಬರಿಂದ, ತೆಗೆಯಲು ಇನ್ನೊಬ್ಬರಿಂದ. ವ್ಯಾಪಾರಬುದ್ಧಿ ಅಂದ್ರೆ ಇದು, ಅಲ್ವಾ?

ಬರೀ ಜಾಗ ತಿಂದುಕೊಂಡು ಬಿದ್ದಿದ್ದರೆ ಸಹಿಸಬಹುದಿತ್ತು. ಲೆನೊವೊ 2014ರಲ್ಲಿ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಶ್ ಎಂಬುದನ್ನು ಹಾಕಿ ಮಾರಿತು. ನಾವು ನೋಡುವ ಪುಟಗಳ ನಡುವೆ ಜಾಹೀರಾತು ತೂರಿಸುವುದು ಅದರ ಕೆಲಸ. ಬೀಗ ಹಾಕಿದ ಸುರಕ್ಷಿತ ಪುಟಗಳಲ್ಲೂ ಕೈಯಾಡಿಸಲು ಅದು ತನ್ನದೇ ಒಂದು ಪ್ರಮಾಣಪತ್ರವನ್ನು, ಅಂದರೆ 'ಈ ಪುಟ ಅಸಲಿ' ಅಂತ ಬ್ರೌಸರಿಗೆ ಸಾಕ್ಷಿ ಹೇಳುವ ಡಿಜಿಟಲ್ ಚೀಟಿಯನ್ನು, ವಿಂಡೋಸ್ ಒಳಗೆ ಸೇರಿಸಿಬಿಟ್ಟಿತ್ತು. ತಮಾಷೆಯೆಂದರೆ ಎಲ್ಲ ಲ್ಯಾಪ್‌ಟಾಪ್‌ಗಳಲ್ಲೂ ಆ ಪ್ರಮಾಣಪತ್ರದ ಗುಟ್ಟಿನ ಕೀಲಿ ಒಂದೇ. ಒಂದರಿಂದ ಅದನ್ನು ಹೊರತೆಗೆದ ಕಳ್ಳ ಉಳಿದವರಿಗೂ ನಕಲಿ ಬ್ಯಾಂಕ್ ಪುಟ ತೋರಿಸಿ ನಂಬಿಸಬಹುದಿತ್ತು. 2015ರ ಫೆಬ್ರುವರಿಯಲ್ಲಿ ಗಲಾಟೆ ಜೋರಾದಾಗ ಕಂಪನಿಯೇ ಅದನ್ನು ಕಿತ್ತುಹಾಕುವ ಸಾಧನ ಕೊಟ್ಟಿತು. ಅದಿಲ್ಲದೆ ನಾವೇ ಬರೀ ಪ್ರೋಗ್ರಾಂ ತೆಗೆದರೆ ಪ್ರಮಾಣಪತ್ರ ಹಾಗೇ ಉಳಿಯುತ್ತಿತ್ತು, ಅದನ್ನು ಬೇರೆಯಾಗಿ ಹುಡುಕಿ ಅಳಿಸಬೇಕಿತ್ತು.

ಫೋನಿನದು ಬೇರೆಯೇ ಕಥೆ. ಆಂಡ್ರಾಯ್ಡ್‌ನಲ್ಲಿ ಬೇಡದ ಆ್ಯಪ್ ಒತ್ತಿ ಹಿಡಿದರೆ ಕೆಲವಕ್ಕೆ 'ಅನ್‌ಇನ್‌ಸ್ಟಾಲ್' ಬರುವುದೇ ಇಲ್ಲ, 'ಡಿಸೇಬಲ್' ಮಾತ್ರ. ಅಂದರೆ ಮಲಗಿಸಬಹುದು, ಹೊರಗೆ ಹಾಕುವಂತಿಲ್ಲ. ಅವು ಇರುವುದು ನಾವು ತಿದ್ದಲಾಗದ ಸಿಸ್ಟಮ್ ಭಾಗದಲ್ಲಿ. ಫ್ಯಾಕ್ಟರಿ ರೀಸೆಟ್ ಮಾಡಿದರೆ ಎದ್ದು ಕೂರುತ್ತವೆ. ಹೋಗುವುದು ನಮ್ಮ ಫೋಟೋಗಳು. ಕಂಪ್ಯೂಟರಿಗೆ ಕೇಬಲ್ ಹಚ್ಚಿ, ಅಲ್ಲಿಂದ ಫೋನಿಗೆ ಆದೇಶ ಕಳಿಸುವ ಎಡಿಬಿ ಎಂಬ ಸಾಧನದಲ್ಲಿ ಒಂದು ಸಾಲು ಕಮಾಂಡ್ ಕೊಟ್ಟು ನಮ್ಮ ಖಾತೆಯಿಂದ ಮರೆಮಾಡಬಹುದು. ಆದರೆ ಅಲ್ಲಿ ಬರುವ ಆ್ಯಪ್‌ಗಳ ಪಟ್ಟಿ ನೋಡಿದರೆ ಕೈ ಹಿಂಜರಿಯುತ್ತದೆ. ಅರ್ಥವಾಗದ ಉದ್ದುದ್ದ ಹೆಸರುಗಳು. ಯಾವುದು ಜಾಹೀರಾತಿನದು, ಯಾವುದು ತೆಗೆದರೆ ಫೋನ್ ರಿಂಗಾಗುವುದೇ ನಿಲ್ಲುತ್ತದೆ, ಹೇಳುವವರಿಲ್ಲ. ಹೀಗೆ ಹೆದರಿ ನಾನು ಹಾಗೇ ಬಿಟ್ಟ ಆ್ಯಪ್‌ಗಳು ಎಷ್ಟೋ ಇವೆ.

ಕಾನೂನು ನಿಧಾನವಾಗಿ ಎಚ್ಚೆತ್ತಿದೆ. ಯುರೋಪಿಯನ್ ಒಕ್ಕೂಟದಲ್ಲಿ 2024ರ ಮಾರ್ಚ್‌ನಿಂದ ಕೆಲವು ದೊಡ್ಡ ಕಂಪನಿಗಳು, ಸಾಧನ ನಡೆಯಲು ಬೇಕೇಬೇಕಾದವನ್ನು ಬಿಟ್ಟು, ಉಳಿದ ಆ್ಯಪ್‌ಗಳನ್ನು ಸುಲಭವಾಗಿ ತೆಗೆಯಲು ಬಿಡಬೇಕು.

ಅಂತೂ ಒಂದು ಭಾನುವಾರ ಕೂತು ಲ್ಯಾಪ್‌ಟಾಪ್ ಗುಡಿಸಿದೆ. ಆಂಟಿವೈರಸ್ 'ನಿಜವಾಗಿಯೂ?' ಅಂತ ಮತ್ತೆ ಮತ್ತೆ ಕೇಳಿತು, ಅರ್ಧ ಬೆಲೆಗೆ ಬರುತ್ತೇನೆ ಅಂತಲೂ ಗೋಗರೆಯಿತು. ಕೊನೆಗೆ ಹೋಗುವಾಗ ಬ್ರೌಸರ್ ತೆರೆದು ಒಂದು ಫಾರಂ ಮುಂದಿಟ್ಟಿತು: ನಮ್ಮನ್ನು ಏಕೆ ಬಿಡುತ್ತಿದ್ದೀರಿ? ಬೆಲೆ ಜಾಸ್ತಿ, ನಿಧಾನ, ಬೇರೆಯದು ಸಿಕ್ಕಿತು, ಇತರೆ. 'ನಿಮ್ಮನ್ನು ಕರೆದವರು ಯಾರು?' ಅನ್ನುವುದಕ್ಕೆ ಅಲ್ಲಿ ಜಾಗವಿರಲಿಲ್ಲ. 'ಇತರೆ' ಒತ್ತಿದೆ. ದಯವಿಟ್ಟು ವಿವರಿಸಿ ಅಂದಿತು.